ಎರಡು ವರ್ಷದ ಅಲಾರ್ಮ್, ಹತ್ತು ದಿನದ ಬ್ಯಾಟರಿ

ಹೊಸ ಬೈಕಿಗೆ ಅಲಾರ್ಮ್ ಹಾಕಿಸಿ ಎರಡು ವರ್ಷವಾಯಿತು. ಸೈರನ್, ರಿಮೋಟ್, ಅಲುಗಾಡಿದರೆ ಎಚ್ಚರಗೊಳ್ಳುವ ಸೆನ್ಸರ್, ಇಗ್ನಿಷನ್ ಕಟ್ ಮಾಡುವ ರಿಲೇ ಎಂಬ ಸ್ವಿಚ್. ಎಲ್ಲ ಕಿಟ್‌ಗಳಲ್ಲಿ ಇರುವುದೇ ಇದರಲ್ಲೂ ಇದೆ, ಡಬ್ಬದ ಮೇಲೆ ಓದಿಕೊಳ್ಳಿ. ಡಬ್ಬದ ಮೇಲೆ ಬರೆಯದ ಒಂದು ವಿಷಯಕ್ಕಾಗಿ ನಾನು ಇದನ್ನು ಬರೆಯುತ್ತಿದ್ದೇನೆ. ಗಾಡಿ ಸುಮ್ನೆ ನಿಂತಿದ್ದಾಗಲೂ ಇದು ಕರೆಂಟ್ ಕುಡಿಯುತ್ತದೆ.

ಮೊದಲ ಕೆಲವು ತಿಂಗಳು ಇದರ ಮೇಲೆ ನನಗೆ ಎಲ್ಲಿಲ್ಲದ ಪ್ರೀತಿ. ರಾತ್ರಿ ಗಾಡಿ ನಿಲ್ಲಿಸಿ, ಹ್ಯಾಂಡಲ್ ಲಾಕ್ ಮಾಡಿ, ನಾಲ್ಕು ಹೆಜ್ಜೆ ನಡೆದು, ತಿರುಗಿ ನೋಡದೆ ಬಟನ್ ಒತ್ತುತ್ತಿದ್ದೆ. ಹಿಂದಿನಿಂದ ‘ಕುಂಯ್’ ಎಂದು ಒಂದು ಸದ್ದು. ಇಂಡಿಕೇಟರ್ ಬೆಳಕು ಗೋಡೆಯ ಮೇಲೆ ಒಮ್ಮೆ ಮಿಂಚಿ ಆರುತ್ತಿತ್ತು. ಬೆಳಿಗ್ಗೆ ತೆಗೆಯುವಾಗ ಎರಡು ಸಲ, ‘ಕುಂಯ್ ಕುಂಯ್’. ಹೊಸ ಗಾಡಿ ಅಲ್ವಾ, ಅದೇ ಮಾತಾಡಿಸಿದ ಹಾಗೆ ಅನಿಸುತ್ತಿತ್ತು. ಮಲಗುವ ಮುಂಚೆ ಕಿಟಕಿಯಿಂದ ಇನ್ನೊಮ್ಮೆ ಒತ್ತಿ ಖಾತ್ರಿ ಮಾಡಿಕೊಳ್ಳುತ್ತಿದ್ದೆ. ಮನೆಯವರು ನಗುತ್ತಿದ್ದರು. ನಗಲಿ ಬಿಡಿ.

ಗಾಳಿಗೆ ಕವರ್ ಪಟಪಟ ಬಡಿದರೂ ಸೈರನ್ ಕೂಗುತ್ತಿತ್ತು, ನಿಜ. ಸೆನ್ಸರ್ ಮೇಲಿರುವ ಸಣ್ಣ ಸ್ಕ್ರೂವನ್ನು ಸ್ವಲ್ಪ ತಿರುಗಿಸಿದೆ, ಆ ಕಾಟ ಮುಗಿಯಿತು.

ಆಮೇಲೆ ಒಮ್ಮೆ ಕೆಲಸದ ಮೇಲೆ ಹತ್ತು ದಿನ ಹೊರಗೆ ಹೋಗಿದ್ದೆ. ಬಂದು ರಿಮೋಟ್ ಒತ್ತಿದರೆ ಸದ್ದೇ ಇಲ್ಲ. ಕೀ ತಿರುಗಿಸಿದರೆ ಮೀಟರ್ ಮಿಣುಕಿ ಆರಿತು. ಸ್ಟಾರ್ಟರ್ ಬಟನ್ ಒತ್ತಿದರೆ ಬರೀ ‘ಟಕ್’. ಗಾಡಿಗೆ ಕಿಕ್ ಇಲ್ಲ. ತಳ್ಳಿ ಸ್ಟಾರ್ಟ್ ಮಾಡೋಣ ಎಂದರೆ ಫ್ಯುಯಲ್ ಇಂಜೆಕ್ಷನ್ ಗಾಡಿ. ಪೆಟ್ರೋಲ್ ತಳ್ಳುವ ಪಂಪಿಗೂ ಎಂಜಿನ್ ನಡೆಸುವ ಪುಟ್ಟ ಕಂಪ್ಯೂಟರ್ ಇಸಿಯುಗೂ ಬ್ಯಾಟರಿಯಲ್ಲಿ ಒಂದಿಷ್ಟು ಜೀವ ಇರಲೇಬೇಕು. ಕಳ್ಳನನ್ನು ತಡೆಯಬೇಕಾದದ್ದು ನನ್ನನ್ನೇ ತಡೆದಿತ್ತು. ಸೈರನ್ ಕೂಡ ಅದೇ ಬ್ಯಾಟರಿ ನಂಬಿಕೊಂಡಿದ್ದರಿಂದ ಅದೂ ಸತ್ತಿತ್ತು. ಅಂದರೆ ಆ ಹೊತ್ತಿಗೆ ಗಾಡಿ ಕಾಯುತ್ತಿದ್ದದ್ದು ಗಾಡಿಯ ಜೊತೆಗೇ ಬಂದ ಹ್ಯಾಂಡಲ್ ಲಾಕ್ ಒಂದೇ!

ಅಲಾರ್ಮ್ ಹಾಕಿಕೊಟ್ಟವರನ್ನು ಕೇಳಿದೆ. “ಬ್ಯಾಟರಿ ವೀಕ್ ಇರಬೇಕು ಸಾರ್” ಎಂದರು. ಹೊಸ ಗಾಡಿಯ ಬ್ಯಾಟರಿ ವೀಕ್ ಅಂತೆ.

ನಂಬಿಕೆ ಬರಲಿಲ್ಲ. ಬ್ಯಾಟರಿ ಚಾರ್ಜ್ ಮಾಡಿದ ಮೇಲೆ ನೆಗೆಟಿವ್ ಟರ್ಮಿನಲ್ ಬಿಚ್ಚಿ, ತಂತಿಗೂ ಟರ್ಮಿನಲ್‌ಗೂ ನಡುವೆ ಕರೆಂಟ್ ಅಳೆಯುವ ಮಲ್ಟಿಮೀಟರ್ ಹಿಡಿದೆ. (ನೀವು ನೋಡುವುದಾದರೆ ಆಗ ಕೀ ಆನ್ ಮಾಡಬೇಡಿ, ಸ್ಟಾರ್ಟರ್ ಅಂತೂ ಮುಟ್ಟಲೇಬೇಡಿ. ಮೀಟರಿನ ಫ್ಯೂಸ್ ಹೋಗುತ್ತದೆ.) ಅಲಾರ್ಮ್ ಆನ್ ಇದ್ದಾಗ 12 ಮಿಲಿಆಂಪ್. ಅಲಾರ್ಮಿನ ಫ್ಯೂಸ್ ತೆಗೆದರೆ 1. ಪೂರ್ತಿ 12 ಎಂದೇ ಹಿಡಿಯಿರಿ. ದಿನಕ್ಕೆ 288 ಮಿಲಿಆಂಪ್-ಗಂಟೆ, ಹತ್ತು ದಿನಕ್ಕೆ 2.9 ಆಂಪ್-ಗಂಟೆ ಹತ್ತಿರ. ನನ್ನ ಬ್ಯಾಟರಿ ಇರುವುದೇ 4 ಆಂಪ್-ಗಂಟೆಯದ್ದು. ಇನ್ನೇನು ಉಳಿಯುತ್ತದೆ?

ಅವತ್ತು ಬಂದ ಸಿಟ್ಟಿಗೆ ಕಿತ್ತು ಎಸೆಯುವವನಿದ್ದೆ. ಎಸೆಯಲಿಲ್ಲ. ದಿನವೂ ಓಡಿಸುವ ಗಾಡಿಗೆ ಇದು ತೊಂದರೆಯೇ ಅಲ್ಲ, ಓಡಿಸುವಾಗ ಮತ್ತೆ ತುಂಬಿಕೊಳ್ಳುತ್ತದೆ. ಈಗ ನಾಲ್ಕೈದು ದಿನಕ್ಕಿಂತ ಜಾಸ್ತಿ ನಿಲ್ಲಿಸುವುದಿದ್ದರೆ ಅಲಾರ್ಮಿನ ಫ್ಯೂಸ್ ತೆಗೆದು ಹೋಗುತ್ತೇನೆ. ಫ್ಯೂಸ್ ತೆಗೆದರೂ ನನ್ನ ಗಾಡಿ ಸ್ಟಾರ್ಟ್ ಆಗುತ್ತದೆ. ನಡುರಸ್ತೆಯಲ್ಲಿ ಅಲಾರ್ಮ್ ಕೆಟ್ಟರೆ ಎಂಜಿನ್ ನಿಲ್ಲಬಾರದು ಎಂದೇ ಇದರಲ್ಲಿ ರಿಲೇ ಹಾಗೆ ಜೋಡಿಸಿದ್ದಾರೆ. ಆದರೆ ಆ ಅನುಕೂಲ ಕಳ್ಳನಿಗೂ ಸಿಗುತ್ತದೆ ನೋಡಿ. ಹಾಗಾಗಿ ಫ್ಯೂಸ್ ಎಲ್ಲಿ ಕೂತಿದೆ ಎಂದು ಹಾಕಿಸುವಾಗಲೇ ಕೇಳಿ. ಸೀಟ್ ಎತ್ತಿದ ಕೂಡಲೇ ಕಣ್ಣಿಗೆ ಬೀಳುವ ಜಾಗ ಬೇಡ.

ಫ್ಯೂಸ್ ತೆಗೆದ ದಿನಗಳಿಗೆ ಅಂತ ಒಂದು ಅಲಾರ್ಮ್ ಡಿಸ್ಕ್ ಲಾಕ್, ಅಂದರೆ ಚಕ್ರದ ಬ್ರೇಕ್ ಡಿಸ್ಕಿಗೆ ಹಾಕುವ ಕೂಗುವ ಬೀಗ, ತಂದುಕೊಂಡೆ. ಅದಕ್ಕೆ ಅದರದೇ ಬಟನ್ ಸೆಲ್, ಗಾಡಿಯ ತಂತಿಗೂ ಅದಕ್ಕೂ ಸಂಬಂಧವಿಲ್ಲ. ಬಗ್ಗಿ ಹಾಕಬೇಕು, ಬಗ್ಗಿ ತೆಗೆಯಬೇಕು, ಕೈಯೆಲ್ಲ ಬ್ರೇಕ್ ಧೂಳು. ಒಂದು ಸಲ ತೆಗೆಯಲು ಮರೆತು ಗಾಡಿ ಮುಂದೆ ಬಿಟ್ಟೆ. ಲಾಕ್ ಹೋಗಿ ಡಿಸ್ಕನ್ನು ಹಿಡಿಯುವ ಕ್ಯಾಲಿಪರ್‌ಗೆ ಬಡಿಯಿತು, ಗಾಡಿ ವಾಲಿತು, ಕಾಲು ಕೊಟ್ಟು ಹೇಗೋ ಹಿಡಿದೆ. ಲಾಕ್ ಜೊತೆಗೆ ಬಂದ, ಅದನ್ನು ನೆನಪಿಸುವ ಸುರುಳಿ ಕೇಬಲನ್ನು ಹ್ಯಾಂಡಲಿಗೆ ಸಿಕ್ಕಿಸುವುದನ್ನು ಅವತ್ತಿನಿಂದ ತಪ್ಪಿಸಿಲ್ಲ. ಜಿಪಿಎಸ್ ಟ್ರ್ಯಾಕರ್ ಕಡೆ ನೋಡಲಿಲ್ಲ. ಗಾಡಿಗೇ ದುಡ್ಡು ಖಾಲಿಯಾಗಿತ್ತು, ಅದರ ಸಿಮ್ಮಿಗೆ ಮೇಲಿಂದ ಮೇಲೆ ಯಾರು ಕಟ್ಟುತ್ತಾರೆ?

ಗಾಡಿಯನ್ನು ವಾರಗಟ್ಟಲೆ ನಿಲ್ಲಿಸುವವರು ಡಿಸ್ಕ್ ಲಾಕ್ ಒಂದನ್ನೇ ತಗೊಳ್ಳಿ. ದಿನಾ ಓಡಿಸುವವರು ತಂತಿಯದ್ದನ್ನು ಹಾಕಿಸಬಹುದು, ಆದರೆ ನಿಂತಾಗ ಎಷ್ಟು ಮಿಲಿಆಂಪ್ ಎಳೆಯುತ್ತದೆ ಎಂದು ಕೇಳಿ, ಹಾಕಿದ ಮೇಲೆ ಮೀಟರ್ ಹಿಡಿದು ತೋರಿಸಲು ಹೇಳಿ. ಐದಕ್ಕೆ ನಾನು ಮೂರು ಸ್ಟಾರ್ ಕೊಡುತ್ತೇನೆ. ಅದರಲ್ಲಿ ಒಂದು ಪೂರ್ತಿ ಆ ‘ಕುಂಯ್’ ಸದ್ದಿಗೆ. ಕಿಟಕಿಯಿಂದ ಒತ್ತುವುದು ಇನ್ನೂ ಬಿಟ್ಟಿಲ್ಲ.