ಟಿವಿ ಸರಣಿಗಳ ಮೂರು ಹಳೇ ವಾಚುಗಳು: ಕಟ್ಟಿ ನೋಡಿದ ಮೇಲಿನ ಹೋಲಿಕೆ

ದಿನವೂ ಕಟ್ಟಲು ಒಮೆಗಾ ಸೀಮಾಸ್ಟರ್ ಡಿವಿಲ್, ಗಟ್ಟಿತನಕ್ಕೆ ರೋಲೆಕ್ಸ್ ಜಿಎಂಟಿ-ಮಾಸ್ಟರ್ 16750, ಯಂತ್ರದ ಸೊಗಸಿಗೆ ಜೇಗರ್-ಲೆಕುಲ್ಟ್ರ್ ಮೆಮೊವಾಕ್ಸ್. ಒಂದನ್ನೇ ಕೊಳ್ಳುವುದಾದರೆ ನನ್ನ ಆಯ್ಕೆ ಒಮೆಗಾ.

ಸೀಮಾಸ್ಟರ್ ಡಿವಿಲ್ ಮತ್ತು ಮೆಮೊವಾಕ್ಸ್ ಎರಡೂ ‘ಮ್ಯಾಡ್ ಮೆನ್’ ಸರಣಿಯ ಡಾನ್ ಡ್ರೇಪರ್ ಪಾತ್ರದ ಕೈಯಲ್ಲಿದ್ದವು. ಕಪ್ಪು ಡಯಲಿನ ಆ ಒಮೆಗಾವನ್ನು 2015ರಲ್ಲಿ ಕ್ರಿಸ್ಟೀಸ್ ಹರಾಜಿಗಿಟ್ಟಿತ್ತು. 166.020 ಮಾದರಿಯ ಕೇಸು ಸುಮಾರು 34-35 ಮಿ.ಮೀ.; ತೆಳು, ಅಂಗಿಯ ತೋಳಿನಡಿ ಸಲೀಸಾಗಿ ಸೇರಿಕೊಳ್ಳುತ್ತದೆ. ಇದರ ಕೇಸಿಗೆ ಹಿಂಬದಿ ಮುಚ್ಚಳವೇ ಇಲ್ಲ ಎಂಬುದನ್ನು ರಿಪೇರಿಗೆ ಕೊಡುವ ಮುನ್ನ ಹೇಳಲೇಬೇಕು. ಗಾಜು ತೆಗೆದು ಯಂತ್ರವನ್ನು ಮುಂದಿನಿಂದ ಎತ್ತಬೇಕು, ಕೀಲಿಯ ಕಡ್ಡಿ ಎರಡು ತುಂಡಿನದು, ನೇರ ಎಳೆದರೆ ಬಿಟ್ಟುಕೊಳ್ಳುತ್ತದೆ. ತಿಳಿಯದವರು ಹಿಂಬದಿಯನ್ನು ಮೀಟಿ ಕೇಸಿಗೆ ಗೀರು ಬೀಳಿಸಿರುತ್ತಾರೆ; ಅಂಥ ಗುರುತು ಕಂಡರೆ ಒಳಗೂ ಒರಟು ಕೈ ಆಡಿದೆ ಎಂದುಕೊಳ್ಳಿ. ಅಸಲಿ ಗಾಜಿನ ನಡುವೆ ಲೂಪಿನಲ್ಲಿ (ರಿಪೇರಿಯವರ ಭೂತಗನ್ನಡಿ) ಮಾತ್ರ ಕಾಣುವ ಪುಟ್ಟ ಒಮೆಗಾ ಚಿಹ್ನೆ ಇರುತ್ತದೆ. ಕಪ್ಪು ಡಯಲ್‌ಗಳಲ್ಲಿ ಮರುಬಣ್ಣದವೇ ಹೆಚ್ಚು. ಅಕ್ಷರಗಳ ಅಂಚು ದಪ್ಪಗೆ, ನಿಮಿಷದ ಗೀಟುಗಳು ಅಸಮವಾಗಿ ಇದ್ದರೆ ಬಿಟ್ಟುಬಿಡಿ.

ಮೆಮೊವಾಕ್ಸ್ ಅಲಾರಾಂ ವಾಚು, ಎರಡು ಕೀಲಿ. ಮೇಲಿನದು ಅಲಾರಾಂ ಸ್ಪ್ರಿಂಗ್ ಬಿಗಿಯುತ್ತದೆ, ಒಳಗಿನ ಬಿಲ್ಲೆ ತಿರುಗಿಸಿ ಹೊತ್ತು ಗೊತ್ತುಮಾಡುತ್ತದೆ. 814, 815, 825 ಯಂತ್ರಗಳಲ್ಲಿ ಪುಟ್ಟ ಸುತ್ತಿಗೆ ಹಿಂಬದಿ ಮುಚ್ಚಳದೊಳಗಿನ ಗೂಟಕ್ಕೆ ಬಡಿಯುತ್ತದೆ. ಅದಕ್ಕೇ ಮೇಜಿನ ಮೇಲಿಟ್ಟರೆ ಜೋರು, ಮೈಗೆ ತಗುಲಿದರೆ ಮಂಕು. ಗೂಟ ಸವೆದಿದ್ದರೆ, ಸುತ್ತಿಗೆ ಬಾಗಿದ್ದರೆ ದನಿ ಗೊರಗೊರ ಎನ್ನುತ್ತದೆ. ಕೊಳ್ಳುವ ಮುನ್ನ ಪೂರ್ತಿ ಬಿಗಿದು ಬಾರಿಸಿ ನೋಡಿ. ಹತ್ತು ಸೆಕೆಂಡಿನೊಳಗೆ ಸೊರಗಿದರೆ ಸರ್ವಿಸಿನ ಖರ್ಚು ಬೆಲೆಯಿಂದ ಕಳೆಯಿರಿ. ಬಿಡಿಭಾಗ ಸಿಗುವುದು ಕಷ್ಟ, ಅದರಲ್ಲೂ ಅಲಾರಾಂ ಭಾಗದ್ದು. ಮೂರರಲ್ಲಿ ಇದರ ಮೇಲೆಯೇ ನನಗೆ ಮೋಹ ಜಾಸ್ತಿ, ಆದರೂ ಮೊದಲ ವಾಚಾಗಿ ಕೊಳ್ಳಿರೆಂದು ಯಾರಿಗೂ ಹೇಳಲಾರೆ.

‘ಮ್ಯಾಗ್ನಮ್ ಪಿ.ಐ.’ (1980-88) ಸರಣಿಯಲ್ಲಿ ಟಾಮ್ ಸೆಲೆಕ್ ಕಟ್ಟಿದ್ದು ಕೆಂಪು-ನೀಲಿ ಬೆಜೆಲಿನ (ಡಯಲಿನ ಸುತ್ತ ತಿರುಗುವ ಉಂಗುರ) ಜಿಎಂಟಿ. 40 ಮಿ.ಮೀ., ನೀರಿಗೆ 100 ಮೀಟರ್‌ ಅಂದಿನ ಮಾತು; ಈಗ ಒತ್ತಡ ಪರೀಕ್ಷೆಯಿಲ್ಲದೆ ಕೈತೊಳೆಯುವುದೂ ಬೇಡ. 16750ರ 3075 ಯಂತ್ರದಲ್ಲಿ ಮುಳ್ಳು ಸುತ್ತಿಸದೆ ಕೀಲಿಯಿಂದಲೇ ತಾರೀಖು ಬದಲಿಸಬಹುದು, ಹಿಂದಿನ 1675 ಮಾದರಿಯಲ್ಲಿ ಆ ಸೌಲಭ್ಯವಿಲ್ಲ. 24 ಗಂಟೆಯ ಮುಳ್ಳು ಗಂಟೆಮುಳ್ಳಿಗೇ ಕಟ್ಟುಬಿದ್ದಿದೆ, ಇನ್ನೊಂದು ದೇಶದ ಹೊತ್ತು ಬೇಕಾದರೆ ಬೆಜೆಲ್ ತಿರುಗಿಸಬೇಕು. ಹೊಳಪಿನ ಡಯಲ್‌ಗಳಲ್ಲಿ ಜೇಡರಬಲೆಯಂಥ ಬಿರುಕು ಬರುತ್ತದೆ. ದೀಪವನ್ನು ಓರೆಯಾಗಿ ಹಿಡಿದರಷ್ಟೇ ಕಾಣುತ್ತದೆ. ಡಯಲಿನ ಚುಕ್ಕಿಗಳಿಗೆ ಹಚ್ಚಿದ್ದು ಕತ್ತಲಲ್ಲಿ ಹೊಳೆಯುವ ಟ್ರಿಟಿಯಮ್ ಬಣ್ಣ; ಟ್ರಿಟಿಯಮ್ಮಿನ ಅರ್ಧಾಯುಷ್ಯ 12.3 ವರ್ಷ, ಹಾಗಾಗಿ ಹಳೆಯದರ ಹೊಳಪು ಈಗ ಮಂಕಾಗಿರಬೇಕು. ಟಾರ್ಚ್ ಬೆಳಕು ತೋರಿಸಿದ ಮೇಲೆ ಚುಕ್ಕಿಗಳು ನಿಮಿಷಗಟ್ಟಲೆ ಹೊಳೆದರೆ ಬಣ್ಣ ಹೊಸದು.

ಇನ್ನು, ಚಿತ್ರೀಕರಣದಲ್ಲೇ ಬಳಸಿದ ಪ್ರತಿ. ಅದು ಅಸಲಿ ಎಂದು ನಿರ್ಮಾಣ ಸಂಸ್ಥೆ ಕೊಟ್ಟ ಪತ್ರದಲ್ಲಿ ವಾಚಿನ ಸೀರಿಯಲ್ ನಂಬರು ಇರಬೇಕು, ಬರೀ ಮಾದರಿಯ ಹೆಸರು ಸಾಲದು. ಒಂದೇ ಪಾತ್ರಕ್ಕೆ ಎರಡು-ಮೂರು ಪ್ರತಿ ಇಟ್ಟಿರುವುದುಂಟು. ಸಮೀಪದ ದೃಶ್ಯವನ್ನು ನಿಲ್ಲಿಸಿ ಹೋಲಿಸುವಾಗ ಗಾಜಿನ ಗೀರು ನಂಬಬೇಡಿ, ಅಕ್ರಿಲಿಕ್ ಗಾಜನ್ನು ಉಜ್ಜಿದರೆ ಗೀರು ಹೋಗುತ್ತದೆ. ಡಯಲಿನ ಕಲೆ, ಮುಳ್ಳಿನ ತುಕ್ಕು, ಚುಕ್ಕಿಯ ಚೂರು ಮುರಿದ ಅಂಚು, ಇವು ಅಳಿಯುವುದಿಲ್ಲ. ಇಂಥ ಪ್ರತಿ ಕೈಗೆ ಬಂದರೆ ಪಾಲಿಶ್ ಮಾಡಿಸಬೇಡಿ, ಡಯಲ್ ಮುಟ್ಟಿಸಬೇಡಿ. ಬದಲಿಸಿದ ಹಳೆಯ ಭಾಗಗಳನ್ನೆಲ್ಲ ರಿಪೇರಿಯವರಿಂದ ವಾಪಸು ಕೇಳಿ, ಪತ್ರದ ಜೊತೆಗೇ ಇಡಿ.