ಲಿಟ್ ಬಳಸಿ ಕೆಲವು ವರ್ಷ: ಒಂದೇ ಕಾಫಿ ದರಪಟ್ಟಿ, ಹತ್ತಾರು ಸೈಟ್

ರೇಟಿಂಗ್: ಐದಕ್ಕೆ ನಾಲ್ಕು

ಚಿಕ್ಕಮಗಳೂರಿನಲ್ಲಿ ನಮ್ಮದು ವೆಬ್‌ಸೈಟ್ ಮಾಡುವ ಸಣ್ಣ ಟೀಮ್. ವೆಬ್ ಪುಟದ ತುಣುಕುಗಳನ್ನು ಕಟ್ಟುವ ಲಿಟ್ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿ ಬಳಸಿದ ಅನುಭವ ಇದು. ಕಾಫಿ ವ್ಯಾಪಾರಿಗಳು, ಹೋಮ್‌ಸ್ಟೇ ಮಾಲೀಕರೇ ಗಿರಾಕಿಗಳು. ಒಬ್ಬರ ಸೈಟ್ ರಿಯಾಕ್ಟ್‌ನಲ್ಲಿ, ಇನ್ನೊಬ್ಬರದು ಆ್ಯಂಗ್ಯುಲರ್‌ನಲ್ಲಿ (ಎರಡೂ ಫ್ರೇಮ್‌ವರ್ಕ್, ಅಂದರೆ ಸೈಟ್ ಕಟ್ಟಲು ಸಿದ್ಧ ಚೌಕಟ್ಟು). ಹೋಮ್‌ಸ್ಟೇಗಳದ್ದು ಹೆಚ್ಚಾಗಿ ವರ್ಡ್‌ಪ್ರೆಸ್. ಆದರೆ ಕೇಳುವುದು ಮಾತ್ರ ಎಲ್ಲರೂ ಎರಡನ್ನೇ: ಕಾಫಿ ದರದ ಪಟ್ಟಿ, ರೂಮ್ ಬುಕಿಂಗ್ ಕ್ಯಾಲೆಂಡರ್. ಅದನ್ನೇ ಪ್ರತಿ ಫ್ರೇಮ್‌ವರ್ಕ್‌ಗೂ ಬೇರೆ ಬೇರೆ ಬರೆಯುತ್ತಾ ಕೂರಲು ಆಗಲ್ಲ ಅಲ್ವಾ? ವೆಬ್ ಕಾಂಪೊನೆಂಟ್, ಅಂದರೆ ಯಾವ ಸೈಟ್‌ನಲ್ಲಾದರೂ ಕೂರುವ ನಮ್ಮದೇ ಟ್ಯಾಗ್, ಮಾಡೋಣ ಅಂತ ತೀರ್ಮಾನಿಸಿದೆವು.

ಅದಕ್ಕೆ ಬಳಸಬಹುದಾದ ಲಿಟ್, ಸ್ಟೆನ್ಸಿಲ್, ಸ್ವೆಲ್ಟ್ ಮೂರನ್ನೂ ನೋಡಿದೆವು. ಸ್ವೆಲ್ಟ್ ಬರೆಯಲು ಚೆಂದ, ಆದರೆ ಅದರ ಮುಖ್ಯ ಕೆಲಸ ವೆಬ್ ಕಾಂಪೊನೆಂಟ್ ಅಲ್ಲ. ಸ್ಟೆನ್ಸಿಲ್ ಮೊಬೈಲ್ ಆ್ಯಪ್ ಸಾಧನ ಮಾಡುವ ಅಯಾನಿಕ್ ತಂಡದ್ದು, ಗಟ್ಟಿ ಸರಕು. ಗೂಗಲ್‌ನ ಹಳೇ ವೆಬ್ ಕಾಂಪೊನೆಂಟ್ ಲೈಬ್ರರಿ ಪಾಲಿಮರ್‌ನ ಕೆಲಸ ಮುಂದುವರಿದು ಬಂದದ್ದು ಲಿಟ್. ಕೊನೆಗೆ ಲಿಟ್ ಹಿಡಿಯಲು ಕಾರಣ ಅದರ ಗಾತ್ರ: ಕುಗ್ಗಿಸಿದ ಮೇಲೆ ಸುಮಾರು 5 ಕೆಬಿ. ಜುಲೈ ಮಳೆಯಲ್ಲಿ ತೋಟದ ಮನೆಯೊಳಗೆ ನೆಟ್‌ವರ್ಕ್ ಹುಡುಕಿದವರಿಗೆ ಇದರ ಬೆಲೆ ಗೊತ್ತು. ಇನ್ನೊಂದು, ಬಿಲ್ಡ್ (ಕೋಡ್ ಅನ್ನು ಮೊದಲೇ ಪರಿವರ್ತಿಸಿ ಕಟ್ಟುವ ಹಂತ) ಇಲ್ಲದೆಯೂ ಸುಮ್ನೆ ಒಂದು ಸ್ಕ್ರಿಪ್ಟ್ ಟ್ಯಾಗ್ ಹಾಕಿದರೆ ನಡೆಯುತ್ತದೆ. ವರ್ಡ್‌ಪ್ರೆಸ್‌ಗೆ ಅಷ್ಟು ಸಾಕು.

ನಮ್ಮ ದರಪಟ್ಟಿ ತೋರಿಸುವುದು 50 ಕೆಜಿ ಮೂಟೆಯ ಬೆಲೆ: ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರ್ರಿ, ರೋಬಸ್ಟಾ ಪಾರ್ಚ್‌ಮೆಂಟ್, ರೋಬಸ್ಟಾ ಚೆರ್ರಿ (ಪಾರ್ಚ್‌ಮೆಂಟ್ ಅಂದರೆ ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ್ದು, ಚೆರ್ರಿ ಅಂದರೆ ಇಡೀ ಹಣ್ಣನ್ನೇ ಒಣಗಿಸಿದ್ದು). ಇಷ್ಟನ್ನೂ ಒಂದು ಅರೇ (ಕೋಡ್‌ನಲ್ಲಿ ಮಾಹಿತಿಯ ಪಟ್ಟಿ) ಮಾಡಿ ಕಾಂಪೊನೆಂಟ್‌ಗೆ ಕೊಡಬೇಕು. ಆ್ಯಂಗ್ಯುಲರ್, ವ್ಯೂ (ಇನ್ನೊಂದು ಫ್ರೇಮ್‌ವರ್ಕ್) ಎರಡರಲ್ಲೂ ಸಲೀಸು. ತಲೆನೋವು ಕೊಟ್ಟದ್ದು ರಿಯಾಕ್ಟ್. 18ನೇ ಆವೃತ್ತಿವರೆಗೂ ಅದು ಕಸ್ಟಮ್ ಎಲಿಮೆಂಟ್‌ಗೆ (ನಮ್ಮ ಟ್ಯಾಗ್‌ಗೆ) ಕೊಟ್ಟದ್ದನ್ನೆಲ್ಲ ಆಟ್ರಿಬ್ಯೂಟ್ (ಟ್ಯಾಗ್‌ನಲ್ಲಿ ಪಠ್ಯವಾಗಿ ಬರೆಯುವ ಗುಣ) ಅಂತ ತಿಳಿದು ಪಠ್ಯ ಮಾಡಿಬಿಡುತ್ತಿತ್ತು. ದರ ಇರಬೇಕಾದ ಕಡೆ ‘ಆಬ್ಜೆಕ್ಟ್ ಆಬ್ಜೆಕ್ಟ್’! ನಮ್ಮದೇ ಹೆಸರಿನ ಇವೆಂಟ್‌ಗಳನ್ನೂ (ಕ್ಲಿಕ್‌ನಂಥ ಘಟನೆಯ ಸುದ್ದಿ) ರೆಫ್ (ಎಲಿಮೆಂಟ್‌ಗೆ ನೇರ ಕೊಂಡಿ) ಹಿಡಿದು ಕೈಯಾರೆ ಕೇಳಿಸಿಕೊಳ್ಳಬೇಕಿತ್ತು. ಲಿಟ್‌ನವರೇ ಕೊಡುವ, ಕಾಂಪೊನೆಂಟ್‌ಗೆ ಹೊದಿಕೆಯಾಗುವ ರಿಯಾಕ್ಟ್ ರ‍್ಯಾಪರ್ ಹಾಕಿ ಕಾಲ ತಳ್ಳಿದೆವು. 2024ರ ಡಿಸೆಂಬರ್‌ನಲ್ಲಿ ರಿಯಾಕ್ಟ್ 19 ಬಂದ ಮೇಲೆ ಆ ಕಾಟ ಹೋಯಿತು. ಹಳೇ ರಿಯಾಕ್ಟ್ ಬಿಡದ ಗಿರಾಕಿಗಳಿಗೆ ರ‍್ಯಾಪರ್ ಇನ್ನೂ ಬೇಕು.

ಕನ್ನಡದಲ್ಲಿ ಸೈಟ್ ಮಾಡುವವರು ಇದನ್ನು ಗಮನಿಸಿ. ಶ್ಯಾಡೋ ಡಾಮ್ (ಪುಟದ ಉಳಿದ ಭಾಗದಿಂದ ಬೇರ್ಪಟ್ಟ, ಕಾಂಪೊನೆಂಟ್‌ನ ಒಳಭಾಗ) ಒಳಗೆ ಫಾಂಟ್-ಫೇಸ್ (ಫಾಂಟ್ ತರಿಸುವ ನಿಯಮ) ಬರೆದರೆ ಫಾಂಟ್ ಬರಲ್ಲ. ಅದನ್ನು ಹೊರಗೆ, ಪುಟದ ಸಿಎಸ್‌ಎಸ್‌ನಲ್ಲೇ (ಸ್ಟೈಲ್ ನಿಯಮಗಳಲ್ಲೇ) ಹಾಕಬೇಕು. ಇನ್ನು ಹೊರಗಿನ ಸ್ಟೈಲ್ ಒಳಗೆ ಬರುವುದೇ ಇಲ್ಲ ಅಂತ ನಂಬಬೇಡಿ. ಫಾಂಟ್, ಬಣ್ಣ, ಲೈನ್-ಹೈಟ್ (ಸಾಲಿನ ಎತ್ತರ) ಇವೆಲ್ಲ ಒಳಗೂ ಇಳಿಯುತ್ತವೆ. ಒಂದು ಥೀಮ್‌ನಲ್ಲಿ ಲೈನ್-ಹೈಟ್ 1 ಇತ್ತು. ನಮ್ಮ ಪಟ್ಟಿಯ ಸಾಲುಗಳಲ್ಲಿ ಓವರ್‌ಫ್ಲೋ ಮುಚ್ಚಿದ್ದರಿಂದ (ಸಾಲಿನಾಚೆ ಹೋದದ್ದು ಕಾಣದಂತೆ ಮಾಡಿದ್ದರಿಂದ) ‘ಪಾರ್ಚ್‌ಮೆಂಟ್’ ಸರಿ ಕಂಡರೂ ‘ಚಿಕ್ಕಮಗಳೂರು’ ಪದದ ಒತ್ತಕ್ಷರ ಅರ್ಧ ಕತ್ತರಿಸಿ ಹೋಗಿತ್ತು. ಈಗ ಪ್ರತಿ ಕಾಂಪೊನೆಂಟ್‌ನ ಹೋಸ್ಟ್‌ನಲ್ಲೇ (ಅದರ ಹೊರಗಿನ ಟ್ಯಾಗ್‌ನಲ್ಲೇ) ಲೈನ್-ಹೈಟ್ ಗಟ್ಟಿ ಮಾಡುತ್ತೇವೆ. ಗಿರಾಕಿಗೆ ಬದಲಿಸಲು ಬಿಡಬೇಕಾದ ಬಣ್ಣಗಳಿಗೆ ಸಿಎಸ್‌ಎಸ್ ವೇರಿಯಬಲ್ ಕೊಡುತ್ತೇವೆ. ಅದು ಜಾಸ್ತಿ ಕೆಲಸವಲ್ಲ.

ಒಂದು ಸ್ಟಾರ್ ಕಡಿಮೆ ಕೊಟ್ಟದ್ದಕ್ಕೆ ಕಾರಣ ಸಣ್ಣ ಸಣ್ಣ ಕಿರಿಕಿರಿಗಳು. ಇರುವ ಅರೇಗೇ ಪುಶ್ ಮಾಡಿದರೆ (ಹೊಸದನ್ನು ಸೇರಿಸಿದರೆ) ಲಿಟ್‌ಗೆ ಗೊತ್ತಾಗಲ್ಲ, ಹೊಸ ಅರೇ ಕೊಟ್ಟರೆ ಮಾತ್ರ ಪರದೆ ಬದಲಾಗುತ್ತದೆ. ತಂಡಕ್ಕೆ ಹೊಸದಾಗಿ ಬಂದ ಪ್ರತಿಯೊಬ್ಬರೂ ಇಲ್ಲಿ ಎಡವುತ್ತಾರೆ. ಟೆಂಪ್ಲೇಟ್‌ನಲ್ಲಿ ಪ್ರಾಪರ್ಟಿಗೆ (ಅರೇಯಂಥ ಮಾಹಿತಿಯನ್ನು ಹಾಗೇ ಕೊಡುವ ಹೆಸರಿಗೆ) ಮೊದಲು ಚುಕ್ಕಿ, ಇವೆಂಟ್‌ಗೆ ಆ್ಯಟ್ (@) ಗುರುತು. ಚುಕ್ಕಿ ಮರೆತರೆ ಎರರ್ ಕೂಡ ಬರಲ್ಲ. ಒಂದೇ ಪುಟದಲ್ಲಿ ನಮ್ಮ ಸ್ಕ್ರಿಪ್ಟ್‌ನ ಎರಡು ಪ್ರತಿ ಲೋಡ್ ಆದರೆ ಎರಡನೆಯದು ಕೈಕೊಡುತ್ತದೆ, ಯಾಕಂದ್ರೆ ಒಂದು ಟ್ಯಾಗ್ ಹೆಸರನ್ನು ಬ್ರೌಸರ್ ಒಮ್ಮೆ ಮಾತ್ರ ನೋಂದಾಯಿಸುತ್ತದೆ. ಇದು ಬ್ರೌಸರ್‌ನ ನಿಯಮ, ಸ್ಟೆನ್ಸಿಲ್ ಹಿಡಿದಿದ್ದರೂ ತಪ್ಪುತ್ತಿರಲಿಲ್ಲ. ಹೆಸರು ಮೊದಲೇ ಇದೆಯಾ ಅಂತ ನೋಡಿ ನೋಂದಾಯಿಸುವುದೇ ದಾರಿ.

ಅಪ್‌ಗ್ರೇಡ್ ವಿಷಯದಲ್ಲಿ ದೂರಿಲ್ಲ. 2023ರಲ್ಲಿ ಲಿಟ್ 3 ಬಂದಾಗ ನಮ್ಮ ಕೋಡ್‌ನಲ್ಲಿ ಮುಟ್ಟಬೇಕಾದದ್ದು ಹೆಚ್ಚೇನೂ ಇರಲಿಲ್ಲ. ಅದು ಬಿಟ್ಟದ್ದು ಮುಖ್ಯವಾಗಿ ಹಳೇ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 11 ಅನ್ನು. ಅದನ್ನು ನಾವೂ ಯಾವತ್ತೋ ಬಿಟ್ಟಿದ್ದೆವು.

ನಿಮ್ಮದು ದೊಡ್ಡ ಟೀಮ್ ಆಗಿದ್ದು, ರಿಯಾಕ್ಟ್‌ಗೆ, ಆ್ಯಂಗ್ಯುಲರ್‌ಗೆ, ವ್ಯೂಗೆ ಟೈಪ್ (ಯಾವ ಬಗೆಯ ಮಾಹಿತಿ ಎಂಬ ವಿವರ) ಸಮೇತ ಬೇರೆ ಬೇರೆ ಪ್ಯಾಕೇಜ್ ಕೊಡಬೇಕಿದ್ದರೆ ಸ್ಟೆನ್ಸಿಲ್ ತಗೊಳ್ಳಿ. ಆ ರ‍್ಯಾಪರ್‌ಗಳನ್ನು ಅದು ತಾನೇ ತಯಾರಿಸಿ ಕೊಡುತ್ತದೆ. ಜೆಎಸ್‌ಎಕ್ಸ್ (ರಿಯಾಕ್ಟ್‌ನಲ್ಲಿ ಟ್ಯಾಗ್ ಬರೆಯುವ ರೀತಿ) ಬಲ್ಲ ಹುಡುಗರಿಗೆ ಬೇಗ ಕೈಗೆ ಹತ್ತುತ್ತದೆ ಕೂಡ. ನಮ್ಮ ಹಾಗೆ ವರ್ಡ್‌ಪ್ರೆಸ್ ಗಿರಾಕಿಗಳೇ ಜಾಸ್ತಿ ಇದ್ದರೆ ಲಿಟ್ ಸಾಕು.