ಫ್ಲೀಸ್ ಹಾಸಿಗೆಯನ್ನು ‘ಪೆಟ್ ವಾಶ್’ ಅಂತ ಲಾಂಡ್ರಿಗೆ ಕೊಡುವ ಮುಂಚೆ ಇದನ್ನು ಓದಿ

ನಾಯಿ, ಬೆಕ್ಕು ಸಾಕಿರುವವರಿಗೆ ಹೇಳುತ್ತಿದ್ದೇನೆ. ‘ಪೆಟ್ ವಾಶ್’ ಅಂತ ಬೋರ್ಡ್ ಹಾಕಿಕೊಂಡವರನ್ನು ನಂಬಿ ಫ್ಲೀಸ್ ಹಾಸಿಗೆ ಕೊಡಬೇಡಿ. ಕೊಡಲೇಬೇಕು ಅನ್ನುವ ಪರಿಸ್ಥಿತಿ ಇದ್ದರೆ ಇದನ್ನು ಪೂರ್ತಿ ಓದಿ ಆಮೇಲೆ ಕೊಡಿ. ನನಗಿನ್ನೂ ಕೋಪ ಇಳಿದಿಲ್ಲ. ಬರೆದದ್ದು ಹಿಂದೆ ಮುಂದೆ ಆಗಿರಬಹುದು, ಆದರೆ ಒಂದು ಮಾತೂ ಸುಳ್ಳಲ್ಲ.

ನಮ್ಮ ಗುಂಡ ಲ್ಯಾಬ್ರಡಾರ್. 12 ವರ್ಷ ದಾಟಿದೆ. ಹಿಂಗಾಲಿನ ಕೀಲುಗಳು ಹಿಡಿದುಕೊಂಡಿವೆ, ಮೊಣಕೈ ಹತ್ತಿರ ಚರ್ಮ ಒರಟಾಗಿದೆ, ರಾತ್ರಿ ಮಲಗಿದ್ದಲ್ಲೇ ಸ್ವಲ್ಪ ಸ್ವಲ್ಪ ಉಚ್ಚೆ ಸೋರುತ್ತದೆ. ಅವನಿಗೇ ಗೊತ್ತಾಗುವುದಿಲ್ಲ ಪಾಪ. ಅದಕ್ಕೇ ಡಾಕ್ಟರ್ ಹೇಳಿ ಈ ಫ್ಲೀಸ್ ಹಾಸಿಗೆ ತರಿಸಿದ್ದು. ಮೇಲೆ ದಟ್ಟವಾದ ಪಾಲಿಯೆಸ್ಟರ್ ಜೂಲು, ಕೆಳಗೆ ಜಾರದ ಹಾಗೆ ರಬ್ಬರ್ ಚುಕ್ಕೆಗಳು. ಬೆಲೆ ₹2,600. ಇದರ ವಿಶೇಷ ಏನು ಅಂತ ಬಳಸಿದವರಿಗೆ ಗೊತ್ತು. ಪಾಲಿಯೆಸ್ಟರ್ ಎಳೆ ನೀರು ಕುಡಿಯುವುದಿಲ್ಲ. ಉಚ್ಚೆ ಎಳೆಗಳ ನಡುವೆ ಇಳಿದು, ಹಾಸಿಗೆಯ ಬೆನ್ನಿನ, ಅಂದರೆ ಅಡಿಭಾಗದ, ಬಟ್ಟೆ ದಾಟಿ, ಕೆಳಗೆ ಹಾಸಿದ ಪ್ಯಾಡಿಗೋ ನ್ಯೂಸ್‌ಪೇಪರಿಗೋ ಹೋಗುತ್ತದೆ. ಮೇಲೆ ಒಣಗಿರುತ್ತದೆ, ನಾಯಿ ಒಣಗಿದ ಜಾಗದಲ್ಲಿ ಮಲಗಿರುತ್ತದೆ. ವಯಸ್ಸಾದ ನಾಯಿಗೆ ಇದು ಶೋಕಿ ಅಲ್ಲ, ಔಷಧಿಯಷ್ಟೇ ಮುಖ್ಯ.

ಯಾವಾಗಲೂ ಮನೆಯಲ್ಲೇ ಒಗೆಯುತ್ತಿದ್ದೆ. ಆಷಾಢದ ಜಡಿ ಮಳೆ, ಮನೆಯ ವಾಷಿಂಗ್ ಮಶೀನ್ ಬೇರೆ ರಿಪೇರಿಗೆ ಹೋಗಿತ್ತು. ಅಷ್ಟು ದೊಡ್ಡ ಹಾಸಿಗೆಯನ್ನು ಬಕೆಟ್ಟಿನಲ್ಲಿ ಅದ್ದಿ ಹಿಂಡುವುದು ಆಗದ ಮಾತು. ಆಗ ಕಣ್ಣಿಗೆ ಬಿದ್ದದ್ದು ಇವರ ಬೋರ್ಡ್. ಬೆಂಗಳೂರಿನಲ್ಲಿ ನಮ್ಮ ಮನೆಯಿಂದ ಸ್ವಲ್ಪ ದೂರದಲ್ಲೇ ಅಂಗಡಿ. ‘ಪೆಟ್ ಬೆಡ್ಡಿಂಗ್ ಸ್ಪೆಷಲ್ ವಾಶ್, ಪ್ರತ್ಯೇಕ ಮಶೀನ್’ ಅಂತ ದೊಡ್ಡ ಅಕ್ಷರದಲ್ಲಿ ಬರೆದಿದೆ, ಪಕ್ಕದಲ್ಲಿ ನಗುವ ನಾಯಿಮರಿಯ ಚಿತ್ರ. ಅದೇ ಗಾತ್ರದ ಕಂಬಳಿಗೆ ₹300, ನಾಯಿ ಹಾಸಿಗೆಗೆ ₹650. ಜಾಸ್ತಿ ಯಾಕೆ ಅಂತ ಕೇಳಿದೆ. ‘ಪ್ರತ್ಯೇಕ ಮಶೀನ್ ಮೇಡಂ, ಪ್ರತ್ಯೇಕ ಸೋಪು, ನಾಯಿಗೆ ಸೇಫ್ ಆಗಿರೋದು’ ಅಂದರು. ಆ ಮಾತಿಗೇ ನಾನು ಒಪ್ಪಿ ದುಡ್ಡು ಕೊಟ್ಟದ್ದು.

ಸುಮ್ನೆ ಕೊಟ್ಟು ಬರಲಿಲ್ಲ ನಾನು. ವಾಟ್ಸಾಪ್‌ನಲ್ಲಿ ಬಿಡಿಸಿ ಬರೆದೆ. ನೀರು 40 ಡಿಗ್ರಿ ದಾಟಬಾರದು. ಬಟ್ಟೆ ಮೆತ್ತಗಾಗಲು ಹಾಕುವ ಕಂಡೀಷನರ್ ಹಾಕಬಾರದು. ಬ್ಲೀಚ್ ಬೇಡ. ಡ್ರೈಯರ್ ಹಾಕುವುದಾದರೆ ಕಡಿಮೆ ಶಾಖ, ಇಲ್ಲದಿದ್ದರೆ ಹಿಂಡಿ ಹಾಗೇ ಕೊಡಿ, ನಾನು ಫ್ಯಾನ್ ಕೆಳಗೆ ಒಣಗಿಸಿಕೊಳ್ಳುತ್ತೇನೆ. ಹಾಸಿಗೆಗೆ ಹೊಲಿದಿದ್ದ ಲೇಬಲ್ಲಿನ ಫೋಟೋ ಕೂಡ ಕಳಿಸಿದೆ. ಡ್ರೈಯರ್ ಗುರುತಿನೊಳಗೆ ಒಂದೇ ಚುಕ್ಕೆ ಇದೆ ನೋಡಿ, ಅಂದರೆ 60 ಡಿಗ್ರಿ ದಾಟಬಾರದು, ಎರಡು ಚುಕ್ಕೆ ಇದ್ದರೆ 80ರವರೆಗೆ ಅಂತಲೂ ಬರೆದೆ. ಉತ್ತರ ಬಂತು: ‘ಓಕೆ ಮೇಡಂ, ನೋಟೆಡ್. ಡೋಂಟ್ ವರಿ.’ ಆ ಮೆಸೇಜು ಈಗಲೂ ನನ್ನ ಹತ್ತಿರ ಇದೆ.

ಹೇಳಿದ ದಿನಕ್ಕೆ ಬರಲಿಲ್ಲ. ಬರುತ್ತೆ ಮೇಡಂ, ಮಳೆ ಮೇಡಂ, ಹುಡುಗ ಊರಿಗೆ ಹೋಗಿದ್ದಾನೆ ಮೇಡಂ. ಇದೆಲ್ಲ ನಿಮಗೆ ಗೊತ್ತಿರುವುದೇ ಅಲ್ವಾ. ಅದಕ್ಕೆ ನಾನು ಬೇಜಾರು ಮಾಡಿಕೊಳ್ಳಲಿಲ್ಲ.

ಕೊನೆಗೆ ತಂದರು. ಪ್ಲಾಸ್ಟಿಕ್ ಕವರಿನಲ್ಲಿ ಚಂದ ಮಡಚಿ, ಮೇಲೆ ರಿಬ್ಬನ್ ಬೇರೆ. ಕವರ್ ಬಿಚ್ಚಿದ ತಕ್ಷಣ ಮೂಗಿಗೆ ಬಡಿದದ್ದು ಸೆಂಟಿನ ವಾಸನೆ, ಅದರ ಹಿಂದೆಯೇ ಫಿನಾಯಿಲ್ ಘಾಟು. ಕೈ ಇಟ್ಟೆ. ಜೂಲು ಇದ್ದ ಜಾಗದಲ್ಲಿ ತೆಂಗಿನ ನಾರಿನ ಕಾಲೊರಸು ಮುಟ್ಟಿದ ಹಾಗಾಯಿತು. ಎಳೆಗಳು ಒಂದಕ್ಕೊಂದು ಅಂಟಿ ಗಂಟುಗಂಟಾಗಿವೆ, ತುದಿಗಳು ಚುಚ್ಚುತ್ತವೆ. ತಿರುಗಿಸಿದೆ. ರಬ್ಬರ್ ಚುಕ್ಕೆಗಳು ಅರ್ಧ ಉದುರಿಹೋಗಿವೆ, ಉಳಿದವು ಅಂಟಂಟು. ಒಂದು ಮೂಲೆ ಸುರುಟಿಕೊಂಡು ಮೇಲಕ್ಕೆದ್ದಿದೆ. ಜೂಲಿನೊಳಗೆ ಬಿಳಿ ಹತ್ತಿಯ ನೂಲು ಸಿಕ್ಕಿಕೊಂಡಿದೆ. ನಮ್ಮ ಮನೆಯಲ್ಲಿ ಅಂಥ ಬಿಳಿ ಬಟ್ಟೆಯೇ ಇಲ್ಲ.

ತಂದುಕೊಟ್ಟ ಹುಡುಗನನ್ನೇ ಕೇಳಿದೆ, ಏನಪ್ಪಾ ಇದು ಅಂತ. ಅವನು ಒಳ್ಳೆಯವನು, ಸುಳ್ಳು ಹೇಳಲು ಬರಲಿಲ್ಲ ಅವನಿಗೆ.

‘ಡ್ರೈಯರ್‌ನಲ್ಲಿ ಹಂಗಾಗುತ್ತೆ ಅಕ್ಕಾ. ಹೋಟೆಲ್ ಬೆಡ್‌ಶೀಟ್ ಜೊತೆ ಹಾಕಿರ್ತಾರೆ.’

‘ನಾಯಿ ಬಟ್ಟೆಗೆ ಬೇರೆ ಮಶೀನ್ ಅಂದಿದ್ರಲ್ಲಪ್ಪಾ?’

‘ಬೇರೆ ಮಶೀನಾ? ಇರೋದೇ ಎರಡು ಅಕ್ಕಾ. ಎರಡರಲ್ಲೂ ಎಲ್ಲಾ ಹಾಕ್ತಾರೆ.’

ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಹಾಸಿಗೆ ಹಾಳಾದದ್ದಕ್ಕಿಂತ ಆ ಮಾತು ಹೆಚ್ಚು ಚುಚ್ಚಿತು. ಪ್ರತ್ಯೇಕ ಮಶೀನ್ ಅಂತ ಹೇಳಿ ಎರಡರಷ್ಟು ದುಡ್ಡು ತೆಗೆದುಕೊಂಡಿದ್ದರು. ಆ ಮಶೀನೇ ಇಲ್ಲ. ಇಲ್ಲವೇ ಇಲ್ಲ. ಯೋಚಿಸಿ, ಯಾರದೋ ಮನೆಯ ನಾಯಿ ಕೂದಲಿನ ಜೊತೆ ಆ ಹೋಟೆಲಿನ ಬೆಡ್‌ಶೀಟ್ ತಿರುಗುತ್ತಿದೆ, ಆ ಬೆಡ್‌ಶೀಟಿನ ಮೇಲೆ ಯಾರೋ ಮಲಗುತ್ತಾರೆ. ಅವರಿಗೂ ಮೋಸ, ನಮಗೂ ಮೋಸ.

ಫೋಟೋ, ವಿಡಿಯೋ ಎಲ್ಲಾ ಕಳಿಸಿದೆ. ಮೊದಲ ಉತ್ತರ: ‘ಮೆಟೀರಿಯಲ್ ಕ್ವಾಲಿಟಿ ಸರಿ ಇಲ್ಲ ಮೇಡಂ, ಲೋಕಲ್ ಮಾಲು.’ ವರ್ಷದಿಂದ ಮನೆಯಲ್ಲಿ ಒಗೆದಾಗ ಒಂದು ಎಳೆ ಕದಲದ ಮಾಲು ಇವರ ಕೈಗೆ ಹೋದ ತಕ್ಷಣ ಲೋಕಲ್ ಆಗಿಹೋಯಿತು. ಕಂಡೀಷನರ್ ವಾಸನೆ ಬರುತ್ತಿದೆಯಲ್ಲ, ಬೇಡ ಅಂದಿದ್ದೆನಲ್ಲ ಅಂದರೆ, ‘ಸ್ಮೆಲ್ ಚೆನ್ನಾಗಿರಲಿ ಅಂತ ಕಾಂಪ್ಲಿಮೆಂಟರಿ ಹಾಕಿದ್ದೀವಿ ಮೇಡಂ.’ ಹುಡುಗ ಹೇಳಿದ್ದನ್ನು ಕೇಳಿದೆ. ‘ಅವನು ಹೊಸಬ, ಅವನಿಗೇನು ಗೊತ್ತು.’ ಶಾಖ ಯಾಕೆ ಜಾಸ್ತಿ ಇಟ್ಟಿರಿ ಅಂದರೆ, ‘60 ಡಿಗ್ರಿ ಇಲ್ಲದಿದ್ರೆ ಕ್ರಿಮಿ ಸಾಯಲ್ಲ ಮೇಡಂ, ನಿಮ್ಮ ಒಳ್ಳೆಯದಕ್ಕೇ ಮಾಡಿದ್ದು.’

ಈ ಕೊನೆಯ ಮಾತಿಗೆ ಉತ್ತರ ಕೊಡಲೇಬೇಕು. 60 ಡಿಗ್ರಿಯಲ್ಲಿ ಒಗೆದರೆ ಚಿಗಟದ ಮೊಟ್ಟೆ, ಮರಿ ಸಾಯುತ್ತವೆ, ನಿಜ. ಉಣ್ಣೆ ಸಾಯಿಸಲು ಡ್ರೈಯರಿನ ಒಣ ಶಾಖ ಒಳ್ಳೆಯದು, ಅದೂ ನಿಜ. ಕೆಲವು ಫ್ಲೀಸ್ ಹಾಸಿಗೆಗಳು 60 ಡಿಗ್ರಿ ತಡೆಯುತ್ತವೆ. ರಬ್ಬರ್ ಚುಕ್ಕೆ ಇಲ್ಲದೆ ಬರೀ ಹೆಣೆದ ಬೆನ್ನು ಇರುವ ಹಳೆಯ ಮಾದರಿಯವು ಅದಕ್ಕಿಂತ ಜಾಸ್ತಿಯನ್ನೂ ತಡೆಯುತ್ತವೆ. ಆದರೆ ನಮ್ಮದರ ಲೇಬಲ್ಲಿನಲ್ಲಿ 40 ಅಂತ ಇದೆ. ನಮ್ಮ ಗುಂಡನಿಗೆ ಉಣ್ಣೆಯೂ ಇಲ್ಲ, ಚಿಗಟವೂ ಇಲ್ಲ. ಪಾಲಿಯೆಸ್ಟರ್ ಕರಗಬೇಕಾದರೆ ಸುಮಾರು 250 ಡಿಗ್ರಿ ದಾಟಬೇಕು, ಆದರೆ 70-80 ಡಿಗ್ರಿಗೆಲ್ಲ ಎಳೆ ಮೆತ್ತಗಾಗಲು ಶುರುವಾಗುತ್ತದೆ. ಆ ಶಾಖದಲ್ಲಿ ಒದ್ದೆ ಬೆಡ್‌ಶೀಟುಗಳ ಭಾರದ ಕೆಳಗೆ ಹೊರಳಾಡಿದರೆ ಎಳೆ ಬಾಗಿದ ಹಾಗೇ ನಿಂತುಬಿಡುತ್ತದೆ. ಮತ್ತೆ ಬಾಚಿದರೂ ಏಳುವುದಿಲ್ಲ. ನಾನು ಬಾಚಿ ನೋಡಿದ್ದೇನೆ.

ಅಂಗಡಿಗೇ ಹೋದೆ, ಹಾಸಿಗೆ ಹೊತ್ತುಕೊಂಡು. ಯಜಮಾನರು ಅದನ್ನು ಮುಟ್ಟಲೂ ಇಲ್ಲ. ಎಲ್ಲರ ಎದುರಿಗೆ ಹೇಳಿದರು, ‘ನಾಯಿ ಮಲಗೋ ಬಟ್ಟೆ ತಾನೇ ಮೇಡಂ? ನೀವು ಮಲಗೋದಲ್ವಲ್ಲ.’ ಅಲ್ಲಿ ನಿಂತಿದ್ದವರು ನಕ್ಕರು. ನನ್ನ ಮುಖಕ್ಕೆ ರಕ್ತ ನುಗ್ಗಿತು. ನಾಯಿ ಹಾಸಿಗೆಗೆ ಜಗಳ ಆಡುವ ಹೆಂಗಸು ಅನ್ನುವ ಹಾಗೆ ನೋಡುತ್ತಿದ್ದರು. ನಾಯಿ ಮಲಗುವ ಬಟ್ಟೆಗೆ ₹650 ತೆಗೆದುಕೊಳ್ಳುವಾಗ ಈ ಮಾತು ಎಲ್ಲಿತ್ತು? ಬೋರ್ಡಿನ ಮೇಲೆ ನಾಯಿಮರಿ ಚಿತ್ರ ಹಾಕುವಾಗ ಎಲ್ಲಿತ್ತು? ಇದನ್ನೇ ಕೇಳಿದೆ. ಸ್ವಲ್ಪ ಜೋರಾಗಿಯೇ ಕೇಳಿದೆ.

ಆಗ ಹೇಳಿದರು, ‘ರಸೀದಿ ಹಿಂದೆ ಓದಿ.’

ಓದಿದೆ. ಸಣ್ಣ ಇಂಗ್ಲಿಷ್ ಅಕ್ಷರದಲ್ಲಿದೆ. ಎಷ್ಟೇ ಹಾನಿಯಾದರೂ ಒಗೆದ ದುಡ್ಡು ಮಾತ್ರ ವಾಪಸ್ಸಂತೆ. ಅದರ ಕೆಳಗಿನ ಸಾಲು ನೋಡಿ: ಸಾಕುಪ್ರಾಣಿಗಳ ವಸ್ತುಗಳಿಗೆ ಅಂಗಡಿ ಜವಾಬ್ದಾರಿ ಅಲ್ಲ. ಮುಂದೆ ‘ಪೆಟ್ ಸ್ಪೆಷಲ್’ ಅಂತ ಬೋರ್ಡು, ಹಿಂದೆ ಪೆಟ್ ಬಟ್ಟೆಗೆ ಜವಾಬ್ದಾರಿ ಇಲ್ಲ ಅಂತ ಸಾಲು. ರಸೀದಿಯ ಮುಂಭಾಗದಲ್ಲಿ ಬರೆದಿರುವುದು ‘ಬ್ಲಾಂಕೆಟ್ - 1’ ಅಂತ. ದುಡ್ಡು ಮಾತ್ರ ನಾಯಿ ಹಾಸಿಗೆಯದ್ದು.

ಇದಿಷ್ಟೇ ಆಗಿದ್ದರೆ ದುಡ್ಡು ಹೋಯಿತು ಅಂತ ಸುಮ್ಮನಾಗುತ್ತಿದ್ದೆನೋ ಏನೋ. ಬೇರೆ ಹಾಸಿಗೆ ಬರುವವರೆಗೆ ಇದನ್ನೇ ಮತ್ತೆ ಮತ್ತೆ ಜಾಲಾಡಿಸಿ ಒಣಗಿಸಿ ಹಾಕಿದ್ದೆವು. ಬೆಳಿಗ್ಗೆ ನೋಡಿದರೆ ಗುಂಡನ ಹೊಟ್ಟೆಯ ಕೆಳಗೆಲ್ಲ ಒದ್ದೆ. ಉಚ್ಚೆ ಕೆಳಗೆ ಇಳಿದೇ ಇಲ್ಲ. ಒಂದು ಲೋಟ ನೀರು ಹಾಸಿಗೆಯ ಮೇಲೆ ಸುರಿದು ನೋಡಿದೆ. ನೀರು ಹಾಗೇ ಹನಿಹನಿಯಾಗಿ ಮೇಲೆ ನಿಂತಿತು. ಎಳೆಗಳು ಅಂಟಿಕೊಂಡು ದಾರಿ ಮುಚ್ಚಿದೆ, ಮೇಲಿನಿಂದ ಕಂಡೀಷನರ್ ಎಳೆಗಳಿಗೆ ಮೇಣದಂಥ ಪದರ ಹಚ್ಚಿಬಿಟ್ಟಿದೆ. ರಾತ್ರಿಯಿಡೀ ಉಚ್ಚೆಯಲ್ಲಿ ನೆನೆದು ಹೊಟ್ಟೆಯ ಚರ್ಮ ಕೆಂಪಾಗಿ, ನೆಕ್ಕಿ ನೆಕ್ಕಿ ಗಾಯ ಮಾಡಿಕೊಂಡ. ಡಾಕ್ಟರ್ ನೋಡಿ, ಒದ್ದೆಯ ಜೊತೆ ಕೆಮಿಕಲ್ ಕೂಡ ತಾಗಿರಬಹುದು, ಆ ಹಾಸಿಗೆ ಎಸೆಯಿರಿ ಅಂದರು. ಮುಲಾಮು, ಮಾತ್ರೆ, ಕುತ್ತಿಗೆಗೆ ಆ ದೊಡ್ಡ ಕಾಲರ್. ಕೀಲು ನೋವಿನ ಮುದಿ ನಾಯಿ ಕಾಲರ್ ಹಾಕಿಕೊಂಡು ಗೋಡೆಗೆ ಡಿಕ್ಕಿ ಹೊಡೆಯುತ್ತಾ ಓಡಾಡುವುದನ್ನು ನೋಡಬೇಕಾಯಿತು. ಇದಕ್ಕೆ ಯಾವ ರಸೀದಿ ಲೆಕ್ಕ ಕೊಡುತ್ತದೆ?

ಬೆಕ್ಕು ಸಾಕಿರುವವರು ಇನ್ನೂ ಹುಷಾರು. ಫಿನಾಯಿಲ್ ಜಾತಿಯ ಕ್ರಿಮಿನಾಶಕಗಳನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಲಿವರ್‌ಗೆ ತೀರಾ ಕಡಿಮೆ. ಹಾಸಿಗೆಯಲ್ಲಿ ಉಳಿದದ್ದು ಮೈಗೆ ಹತ್ತುತ್ತದೆ, ಮೈ ನೆಕ್ಕಿದಾಗ ಹೊಟ್ಟೆಗೆ ಹೋಗುತ್ತದೆ. ಅದು ವಿಷ. ಲಾಂಡ್ರಿಯವರು ‘ಸ್ಯಾನಿಟೈಸ್ ಮಾಡ್ತೀವಿ’ ಅಂದರೆ ಏನು ಹಾಕುತ್ತೀರಿ, ಹೆಸರು ಹೇಳಿ ಅಂತ ಕೇಳಿ. ಹೇಳದಿದ್ದರೆ ವಾಪಸ್ ಬನ್ನಿ.

ಮನೆಯಲ್ಲಿ ನಾನು ಮಾಡುತ್ತಿದ್ದದ್ದು ಇಷ್ಟೇ, ಇದರಲ್ಲಿ ಯಾವ ‘ಸ್ಪೆಷಲ್’ ಕೂಡ ಇಲ್ಲ. ಮೊದಲು ಒಣಗಿದ್ದಾಗಲೇ ಚೆನ್ನಾಗಿ ಕೊಡವಿ. ಅಡುಗೆಮನೆಯ ರಬ್ಬರ್ ಗ್ಲೌಸ್ ಸ್ವಲ್ಪ ತೇವ ಮಾಡಿ ಉಜ್ಜಿದರೆ ಕೂದಲೆಲ್ಲ ಉಂಡೆಯಾಗಿ ಬರುತ್ತದೆ. ಇಲ್ಲದಿದ್ದರೆ ಆ ಕೂದಲು ಮಶೀನಿನ ಫಿಲ್ಟರಿನಲ್ಲಿ ಕೂರುತ್ತದೆ. ಉಚ್ಚೆಯಾಗಿದ್ದರೆ ಮೊದಲು ತಣ್ಣೀರಿನಲ್ಲಿ ಜಾಲಾಡಿಸಿ. ಬ್ಲೀಚ್ ಮಾತ್ರ ಹಾಕಲೇಬೇಡಿ. ಉಚ್ಚೆಯ ಅಮೋನಿಯಾ ಜೊತೆ ಸೇರಿದರೆ ಕೆಟ್ಟ ಗ್ಯಾಸ್ ಬರುತ್ತದೆ, ಅದು ನಿಮ್ಮ ಎದೆಗೂ ಒಳ್ಳೆಯದಲ್ಲ. ಸೋಪು ಪುಡಿಗಿಂತ ಲಿಕ್ವಿಡ್ ಮೇಲು, ಅದೂ ಅರ್ಧ ಅಳತೆ ಸಾಕು. ನಮ್ಮಂತೆ ಗಡಸು ಬೋರ್‌ವೆಲ್ ನೀರು ಇರುವ ಕಡೆ ಪುಡಿ ಜೂಲಿನ ಬುಡದಲ್ಲೇ ಉಳಿದು ಚರ್ಮ ಕೆರೆಯುತ್ತದೆ. ಒಂದು ಸಲ ಜಾಸ್ತಿ ಜಾಲಾಡಿಸಿ. ವಾಸನೆ ಹೋಗದಿದ್ದರೆ ಕೊನೆಯ ನೀರಿಗೆ ಅರ್ಧ ಕಪ್ ಬಿಳಿ ವಿನಿಗರ್. ಮಶೀನಿನಲ್ಲಿ ಚೆನ್ನಾಗಿ ಹಿಂಡಿಸಿದರೆ ಮುಕ್ಕಾಲು ಭಾಗ ಅಲ್ಲೇ ಒಣಗಿರುತ್ತದೆ, ಉಳಿದದ್ದು ಫ್ಯಾನ್ ಗಾಳಿಗೆ. ಇದು ಗೊತ್ತಿದ್ದೂ ಮಶೀನ್ ಇಲ್ಲದ ಆ ಒಂದು ವಾರದಲ್ಲಿ ಇವರ ಸುಳ್ಳಿಗೆ ದುಡ್ಡು ಕೊಡಬೇಕಾಯಿತು ಅನ್ನುವುದೇ ಉರಿಸುತ್ತದೆ.

ಹೊರಗೆ ಕೊಡಲೇಬೇಕಾದರೆ ಮಶೀನ್ ತೋರಿಸಿ ಅನ್ನಿ. ಪ್ರತ್ಯೇಕ ಇದ್ದರೆ ತೋರಿಸುತ್ತಾರೆ. ರಸೀದಿಯಲ್ಲಿ ‘ನಾಯಿಯ ಫ್ಲೀಸ್ ಹಾಸಿಗೆ’ ಅಂತಲೇ ಬರೆಸಿ, ಬೆಲೆಯನ್ನೂ ಬರೆಸಿ, ಕೊಡುವ ಮುಂಚೆ ಎರಡೂ ಬದಿಯ ಫೋಟೋ ತೆಗೆಯಿರಿ. ವಾಪಸ್ ಬಂದಾಗ ಹುಡುಗ ಹೋಗುವ ಮುಂಚೆ ಬಿಚ್ಚಿ, ಒಂದು ಲೋಟ ನೀರು ಸುರಿದು ನೋಡಿ.

ನಾನು ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಅಲ್ಲಿ ಇತ್ಯರ್ಥ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 2019ರ ಕಾಯ್ದೆ ಬಂದ ಮೇಲೆ ನಾವಿರುವ ಊರಿನಲ್ಲೇ ಕೇಸು ಹಾಕಬಹುದು, ₹5 ಲಕ್ಷದವರೆಗಿನ ವಿಷಯಕ್ಕೆ ಶುಲ್ಕ ಇಲ್ಲ, ಎರಡು ವರ್ಷದವರೆಗೆ ಸಮಯ ಇದೆ. ಇಷ್ಟು ಸಣ್ಣ ಮೊತ್ತಕ್ಕಾ ಅಂತ ಮನೆಯಲ್ಲೇ ಕೇಳಿದರು. ಹೌದು, ಇಷ್ಟು ಸಣ್ಣ ಮೊತ್ತಕ್ಕೇ. ಯಾರೂ ಕೇಳುವುದಿಲ್ಲ ಅನ್ನುವ ಧೈರ್ಯದ ಮೇಲೇ ಅವರ ಅಂಗಡಿ ನಡೆಯುತ್ತಿದೆ.

1915ರಿಂದ ಅವರಿಗೆ ಸುದ್ದಿ ಹೋದ ಮೇಲೆ ಒಂದು ಮೆಸೇಜು ಬಂದಿದೆ: ‘ಮೇಡಂ, ಕಂಪ್ಲೇಂಟ್ ವಾಪಸ್ ತಗೊಳ್ಳಿ, ನೆಕ್ಸ್ಟ್ ಪೆಟ್ ವಾಶ್ ಫ್ರೀ ಮಾಡಿಕೊಡ್ತೀವಿ.’ ಬೇಡ ಅಂತ ಬರೆದು ಹಾಸಿಗೆಯ ₹2,600, ಒಗೆದ ₹650 ಮತ್ತು ಡಾಕ್ಟರ್ ಬಿಲ್ಲು ಮೂರನ್ನೂ ಸೇರಿಸಿ ಕಳಿಸಿದ್ದೇನೆ. ಓದಿದ್ದಾರೆ, ಉತ್ತರ ಇಲ್ಲ.